ಸೀತಾಫಲದ ಕುಲಾವಿ

ಡಿಸೆಂಬರ್ ಕೊನೆಗೆ ಧಾರವಾಡದಲ್ಲಿ ವೈನಿಯ, ಅಂದರೆ ಅಣ್ಣನ ಹೆಂಡತಿಯ, ಹೆರಿಗೆ, ಜನವರಿಯಲ್ಲಿ ತೊಟ್ಟಿಲು. ನಮ್ಮ ಮನೆಯಲ್ಲಿ ಹೆಸರಿಡುವ ದಿನ ಮಗುವಿಗೆ ಕುಲಾವಿ ತರುವುದು ಸೋದರತ್ತೆ. ಅಂದರೆ ನಾನು. ಪುಣೆಯ ತುಳಶೀಬಾಗ್‌ಗೆ ಹೋದರೆ ಹತ್ತು ನಮೂನೆಯ ಕುಲಾವಿ ಸಿಗುತ್ತವೆ. ಆದರೂ ನನ್ನ ಕೈಯಲ್ಲಿ ಹೆಣೆದದ್ದನ್ನೇ ಆ ತಲೆಗೆ ಕಟ್ಟಬೇಕು ಅನ್ನುವ ಆಸೆ ನವೆಂಬರ್‌ನಲ್ಲೇ ಹುಟ್ಟಿತ್ತು.

ಹೆಣಿಗೆಯಲ್ಲಿ ನನಗೆ ಬರುತ್ತಿದ್ದದ್ದು ಎರಡೇ ಕೆಲಸ, ಸೀದಾ ಮತ್ತು ಉಲ್ಟಾ, ಇಂಗ್ಲಿಷಿನಲ್ಲಿ ನಿಟ್ ಮತ್ತು ಪರ್ಲ್. ಎರಡು ವರ್ಷದ ಹಿಂದೆ ಬರೀ ಸೀದಾದಲ್ಲಿ ಒಂದು ಮಫ್ಲರ್ ಮುಗಿಸಿದ್ದೆ. ಡಿಸೈನ್ ಅಂತ ಯಾವುದನ್ನೂ ಮುಟ್ಟಿರಲಿಲ್ಲ.

ಕೋಥ್ರೂಡ್‌ನಲ್ಲಿ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಒಬ್ಬರು ಕಾಕು ಇದ್ದಾರೆ. ವಿಜಯಪುರದಿಂದ ಮದುವೆಯಾಗಿ ಬಂದು ನಲವತ್ತು ವರ್ಷದ ಮೇಲಾಯಿತು. ಅವರ ಹತ್ತಿರ ಕೇಳಿದೆ. ಅವರು ಮಂಚದ ಕೆಳಗಿನ ಟ್ರಂಕ್ ಎಳೆದು, ನುಸಿಗುಳಿಗೆ ವಾಸನೆಯ ನಡುವಿನಿಂದ ಮಗನ ಚಿಕ್ಕಂದಿನ ಒಂದು ಸ್ವೆಟರ್ ತೆಗೆದರು. ಎದೆಯ ತುಂಬ ಸಣ್ಣ ಸಣ್ಣ ಉಬ್ಬು. ಒಂದರ ಪಕ್ಕ ಒಂದು, ಎರಡರ ನಡುವೆ ಮೇಲೊಂದು. ಬೆರಳಾಡಿಸಿದರೆ ಮೆತ್ತಗೆ ಒಳಗೆ ಹೋಗಿ ಮತ್ತೆ ಮೇಲೆ ಬರುತ್ತಿತ್ತು.

"ಇದು ಸೀತಾಫಳ," ಅಂದರು ಕಾಕು. "ಹಿಂಗ ನೋಡಿದ್ರ ಭಾಳ ಕಠಿಣ ಅನಸ್ತದ. ಒಳಗ ಏನೂ ಇಲ್ಲ. ಮೂರನ್ನ ಒಂದು ಮಾಡೂದು, ಒಂದನ್ನ ಮೂರು ಮಾಡೂದು."

ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ಟ್ರಿನಿಟಿ ಸ್ಟಿಚ್ ಅಂತ ಹೆಸರು, ಬ್ಲ್ಯಾಕ್‌ಬೆರಿ ಸ್ಟಿಚ್ ಅಂತಲೂ ಕರೆಯುತ್ತಾರೆ. ಐರ್ಲೆಂಡಿನ ಪಶ್ಚಿಮ ಕಡಲಿನ ಅರಾನ್ ದ್ವೀಪಗಳ ಹೆಸರು ಹೊತ್ತ ದಪ್ಪ ಸ್ವೆಟರ್‌ಗಳಲ್ಲಿ ಜಡೆ ಡಿಸೈನಿನ ಪಕ್ಕದಲ್ಲೇ ಇದು ಕಾಣಿಸುತ್ತದೆ. ಮೂರರಲ್ಲಿ ಒಂದು, ಒಂದರಲ್ಲಿ ಮೂರು ಅನ್ನುವ ಕ್ರೈಸ್ತರ ನಂಬಿಕೆಯಿಂದ ಟ್ರಿನಿಟಿ ಅನ್ನುವ ಹೆಸರು ಬಂದಿದೆ. ನಮಗೆ ಬ್ಲ್ಯಾಕ್‌ಬೆರಿಗಿಂತ ಸೀತಾಫಲವೇ ಹತ್ತಿರ, ಅಲ್ವಾ? ಅದರಲ್ಲೂ ಪುಣೆಯಲ್ಲಿ. ಸಾಸವಡ, ಪುರಂದರದ ಕಡೆಯ ಸೀತಾಫಲ ಬುಟ್ಟಿ ಬುಟ್ಟಿಯಾಗಿ ಇಲ್ಲಿನ ಮಂಡಈ ಮಾರುಕಟ್ಟೆಗೆ ಬರುತ್ತದೆ. ನಾನು ಉಣ್ಣೆ ತರಲು ಹೋದ ದಿನವೂ ಸೀಸನ್ನಿನ ಕೊನೆಯ ಬುಟ್ಟಿಗಳು ಇದ್ದವು. ಎರಡು ಹಣ್ಣು ಕೊಂಡೆ. ಒಂದನ್ನು ತಿಂದೆ, ಇನ್ನೊಂದನ್ನು ಮೆತ್ತಗಾಗುವವರೆಗೆ ಹೆಣಿಗೆಯ ಪಕ್ಕದಲ್ಲೇ ಇಟ್ಟುಕೊಂಡೆ. ಪ್ರತಿ ಕಣ್ಣೂ ಕೆಳಗಿನ ಎರಡು ಕಣ್ಣುಗಳ ನಡುವೆ ಕೂತಿರುತ್ತದೆ. ಈ ಡಿಸೈನೂ ಹಾಗೇ ಕೂರುತ್ತದೆ.

ಉಣ್ಣೆ ತಂದದ್ದು ರವಿವಾರ ಪೇಠದಿಂದ. ಮಕ್ಕಳ ಬಟ್ಟೆಗೆ ಅಂತ ಮಾರುವ ಮೆತ್ತನೆಯ, ಎಳೆ ಹಸಿರು ಬಣ್ಣದ 50 ಗ್ರಾಂ ಉಂಡೆ. ತಿಳಿ ಬಣ್ಣವನ್ನೇ ತಾ ಅಂತ ಕಾಕು ಒತ್ತಿ ಹೇಳಿದ್ದರು. ಕಪ್ಪು, ಕಡುನೀಲಿಯಲ್ಲಿ ರಾತ್ರಿ ದೀಪದ ಕೆಳಗೆ ಕಡ್ಡಿಯ ಮೇಲಿನ ದಾರದ ಕುಣಿಕೆಗಳೇ ಕಾಣುವುದಿಲ್ಲ. ನವಿರು ಕೂದಲು ಎದ್ದ ಉಣ್ಣೆಯೂ ಬೇಡ, ಬಿಚ್ಚುವಾಗ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಹೊಸಬರು ಬಿಚ್ಚುವುದು ಜಾಸ್ತಿ. ಕಡ್ಡಿ 8ನೇ ನಂಬರಿಂದು, ಅಂದರೆ 4 ಮಿಲಿಮೀಟರ್. ನಮ್ಮ ಅಂಗಡಿಗಳಲ್ಲಿ ಸಿಗುವ ಹಳೇ ಲೆಕ್ಕದ ನಂಬರಿನಲ್ಲಿ ಸಂಖ್ಯೆ ಹೆಚ್ಚಾದಷ್ಟೂ ಕಡ್ಡಿ ಸಣ್ಣ. 10ನೇ ನಂಬರ್ ಅಂದರೆ 3.25 ಮಿಲಿಮೀಟರ್. ಅದರದ್ದೂ ಒಂದು ಜೋಡಿ ತಂದೆ.

ಮೊದಲು ಒಂದು ಚಿಕ್ಕ ಮಾದರಿ ತುಂಡು. ಈ ಡಿಸೈನ್ 4ರ ಲೆಕ್ಕದಲ್ಲಿ ನಡೆಯುತ್ತದೆ, ಅಂಚಿಗೆ ಎರಡು ಸೇರಿಸಬೇಕು. 24 ಮತ್ತು 2, ಒಟ್ಟು 26 ಕುಣಿಕೆ ಹಾಕಿದೆ. ಕಾಕು ಹೇಳಿಕೊಟ್ಟ ಕ್ರಮ ಹೀಗಿತ್ತು. ಮೊದಲ ಸಾಲು ಪೂರ್ತಿ ಉಲ್ಟಾ. ಎರಡನೇ ಸಾಲಿನಲ್ಲಿ ಅಂಚಿನ ಒಂದನ್ನು ಹೆಣೆದು, ಮುಂದಿನ ಒಂದೇ ಕುಣಿಕೆಯೊಳಗೆ ಸೀದಾ, ಉಲ್ಟಾ, ಸೀದಾ ಅಂತ ಮೂರು ಸಲ ಹೆಣೆಯಬೇಕು. ಒಂದು ಮೂರಾಯಿತು. ಆಮೇಲಿನ ಮೂರು ಕುಣಿಕೆಗಳನ್ನು ಒಟ್ಟಿಗೆ ಉಲ್ಟಾ ಹೆಣೆಯಬೇಕು. ಮೂರು ಒಂದಾಯಿತು. ಇದನ್ನೇ ಕೊನೆಯ ಅಂಚಿನವರೆಗೆ. ಮೂರನೇ ಸಾಲು ಮತ್ತೆ ಪೂರ್ತಿ ಉಲ್ಟಾ. ನಾಲ್ಕನೇ ಸಾಲಿನಲ್ಲಿ ಎರಡನೆಯದರದ್ದೇ ಕೆಲಸ, ಕ್ರಮ ಮಾತ್ರ ಅದಲು ಬದಲು: ಮೊದಲು ಮೂರನ್ನು ಒಂದು, ಆಮೇಲೆ ಒಂದನ್ನು ಮೂರು. ನಾಲ್ಕು ಸಾಲಿಗೆ ಒಂದು ಸುತ್ತು ಮುಗಿಯಿತು.

ಕೇಳುವಾಗ ಸರಳವಾಗಿತ್ತು. ಎರಡನೇ ಸಾಲಿನ ಕೊನೆಗೆ ಎಣಿಸಿದರೆ 29.

ಎಲ್ಲಿಂದ ಬಂತು ಮೂರು ಕುಣಿಕೆ? ಎಷ್ಟು ಸೇರಿಸುತ್ತೇವೋ ಅಷ್ಟೇ ಕಳೆಯುತ್ತೇವೆ, ಸಾಲಿನ ಕೊನೆಗೆ 26 ಇರಲೇಬೇಕು. ಬಿಚ್ಚಿದೆ. ಮತ್ತೆ ಮಾಡಿದೆ. ಈಗ 28. ಆಗ ಕಾಕು ಪಕ್ಕದಲ್ಲಿ ಕೂತು ನನ್ನ ಕೈಯನ್ನಲ್ಲ, ದಾರವನ್ನು ನೋಡಿದರು. ಸೀದಾ ಹೆಣೆಯುವಾಗ ದಾರ ಕಡ್ಡಿಯ ಹಿಂದೆ ಇರಬೇಕು, ಉಲ್ಟಾ ಹೆಣೆಯುವಾಗ ಮುಂದೆ. ಒಂದೇ ಕುಣಿಕೆಯೊಳಗೆ ಸೀದಾ, ಉಲ್ಟಾ, ಸೀದಾ ಅಂದರೆ ದಾರ ಹಿಂದೆ, ಮುಂದೆ, ಮತ್ತೆ ಹಿಂದೆ ಓಡಾಡಬೇಕು. ಆಮೇಲೆ ಮೂರನ್ನು ಉಲ್ಟಾ ಸೇರಿಸಲು ಮತ್ತೆ ಮುಂದೆ. ನಾನು ಕೆಲವು ಕಡೆ ದಾರವನ್ನು ಹಿಂದಕ್ಕೆ ಕಳಿಸದೆ ಹೆಣೆಯುತ್ತಿದ್ದೆ. ಆ ದಾರ ಕಡ್ಡಿಯ ಮೇಲೆ ಅಡ್ಡ ಬಿದ್ದು ತಾನೇ ಒಂದು ಕುಣಿಕೆಯಾಗುತ್ತಿತ್ತು. ಮುಂದಿನ ಸಾಲಿನಲ್ಲಿ ಅದನ್ನೂ ಹೆಣೆದರೆ ಅಲ್ಲೊಂದು ತೂತು. ಮೂರು ಸಲ ಮರೆತಿದ್ದೆ, ಮೂರು ಜಾಸ್ತಿ ಬಂದಿತ್ತು.

ಅವತ್ತಿನಿಂದ ಬಾಯಲ್ಲಿ ಸೀದಾ-ಉಲ್ಟಾ ಅನ್ನುವುದು ಬಿಟ್ಟು "ಹಿಂದೆ, ಮುಂದೆ, ಹಿಂದೆ" ಅಂತ ಹೇಳಿಕೊಂಡು ಹೆಣೆದೆ. ಕೈ ತಪ್ಪುವುದು ಅಲ್ಲಿಗೆ ಕಡಿಮೆಯಾಯಿತು.

ನಡುವೆ ಯಾಕೆ ಉಲ್ಟಾ ಬೇಕು ಅನ್ನುವ ಪ್ರಶ್ನೆಯೂ ಕಾಡುತ್ತಿತ್ತು. ಮೂರು ಸಲ ಸೀದಾನೇ ಹೆಣೆದರೆ ದಾರ ಓಡಾಡಿಸುವ ಕೆಲಸವೇ ಇಲ್ಲವಲ್ಲ. ಒಂದು ಕಡೆ ಮಾಡಿ ನೋಡಿದೆ. ಕಡ್ಡಿಯ ಮೇಲೆ ಮೂರು ಕುಣಿಕೆ ಕಂಡವು. ಬೆರಳಿಂದ ಒಂದನ್ನು ಎಳೆದೆ, ಮೂರೂ ಸೇರಿ ಒಂದೇ ಉದ್ದ ಕುಣಿಕೆಯಾದವು. ಒಂದೇ ಬಾಯಿಂದ ಒಂದೇ ಕಡೆಗೆ ಎಳೆದ ದಾರಕ್ಕೆ ಹಿಡಿತವೇ ಇರುವುದಿಲ್ಲ. ನಡುವಿನ ಉಲ್ಟಾ ಅದಕ್ಕೆ ಬೀಗ ಹಾಕುತ್ತದೆ. ಇದನ್ನು ಕೈಯಲ್ಲಿ ಕಂಡ ಮೇಲೆ ಆ ಉಲ್ಟಾವನ್ನು ಒಮ್ಮೆಯೂ ಬಿಟ್ಟಿಲ್ಲ.

ಎಂಟು ಸಾಲು ಆದ ಮೇಲೂ ನನ್ನ ತುಂಡಿನಲ್ಲಿ ಉಬ್ಬೇ ಕಾಣಲಿಲ್ಲ. ಸೊಟ್ಟ ಸೊಟ್ಟ ಗೆರೆ, ಅಲ್ಲಲ್ಲಿ ಗಂಟು. ಬೇಜಾರಾಗಿ ಕಡ್ಡಿ ಸಮೇತ ಸೋಫಾ ಮೇಲೆ ಇಟ್ಟೆ. ತುಂಡು ಮಗುಚಿ ಬಿತ್ತು. ಆ ಕಡೆ ಸಾಲು ಸಾಲು ಸೀತಾಫಲದ ಕಣ್ಣುಗಳು! ಮೂರು-ಒಂದರ ಕೆಲಸವನ್ನು ಮಾಡುವುದು ಬಟ್ಟೆಯ ಹಿಂಬದಿಯಿಂದ. ಉಬ್ಬು ಏಳುವುದು ನಮಗೆ ಕಾಣದ ಮುಂಬದಿಯಲ್ಲಿ. ಮುಂಬದಿ ಎದುರಿಗಿದ್ದಾಗ ನಾವು ಹೆಣೆಯುವುದು ಬರೀ ಉಲ್ಟಾ ಸಾಲು. ಇದನ್ನು ಯಾರಾದರೂ ಮೊದಲೇ ಹೇಳಿದರೆ ಹೊಸಬರ ಒಂದು ಸಂಜೆ ಉಳಿಯುತ್ತದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅತಿ ಕಷ್ಟವಾದದ್ದು ಮೂರನ್ನು ಒಟ್ಟಿಗೆ ಉಲ್ಟಾ ಹೆಣೆಯುವುದು. ಕಡ್ಡಿಯ ತುದಿ ಮೂರರೊಳಗೂ ಒಟ್ಟಿಗೆ ಹೋಗಬೇಕು. ಹೋಗುತ್ತಲೇ ಇರಲಿಲ್ಲ. ತಳ್ಳಿದರೆ ಎರಡರೊಳಗೆ ಹೋಗಿ ಮೂರನೆಯದು ಜಾರುತ್ತಿತ್ತು. ಇಲ್ಲವೆಂದರೆ ದಾರದ ಎಳೆ ಸೀಳಿ ಅರ್ಧ ಎಳೆ ಮಾತ್ರ ಸಿಗುತ್ತಿತ್ತು. ಬೆರಳ ತುದಿ ಕೆಂಪಾಯಿತು. ಮೊದಲು ಕಡ್ಡಿಯ ಮೇಲೆ ಸಂಶಯ ಬಂದು ಇನ್ನಷ್ಟು ಚೂಪು ತುದಿಯ ಜೋಡಿ ತಂದೆ. ಸ್ವಲ್ಪ ಸುಲಭವಾಯಿತು, ಪೂರ್ತಿ ಅಲ್ಲ.

ಕಾಕು ನನ್ನ ಉಲ್ಟಾ ಸಾಲನ್ನು ನೋಡಿದರು. ಅದೇ, ಏನೂ ಡಿಸೈನ್ ಇಲ್ಲದ ಸಾದಾ ಸಾಲು. "ಇಲ್ಲೇ ಅದ ನೋಡು ತಪ್ಪು. ಈ ಸಾಲು ಸಡಲ ಹಾಕು. ಇದು ಬಿಗಿ ಆದ್ರ ಮುಂದಿನ ಸಾಲಿಗೆ ಬಾಗಿಲಾ ಮುಚ್ಚಿಧಂಗ."

ನಾನು ಪ್ರತಿ ಕುಣಿಕೆ ಹೆಣೆದ ಮೇಲೆ ದಾರವನ್ನು ಒಮ್ಮೆ ಜಗ್ಗುತ್ತಿದ್ದೆ. ಮಫ್ಲರ್ ಹೆಣೆದಾಗಿನಿಂದ ಬಂದ ಅಭ್ಯಾಸ. ಜೊತೆಗೆ ಕಡ್ಡಿಯ ಚೂಪಾದ ತುದಿಯಲ್ಲೇ ಹೆಣೆಯುತ್ತಿದ್ದೆ. ತುದಿ ಸಣ್ಣ, ಅಲ್ಲಿ ಹುಟ್ಟಿದ ಕುಣಿಕೆಯೂ ಸಣ್ಣ. ಕಾಕು ಹೇಳಿದ್ದು, ಹೊಸ ಕುಣಿಕೆ ಬಲಗಡ್ಡಿಯ ಪೂರ್ತಿ ದಪ್ಪದ ಭಾಗಕ್ಕೆ ಬರುವವರೆಗೆ ಜಾರಿಸು, ಆಮೇಲೆ ಮುಂದಿನದಕ್ಕೆ ಹೋಗು. ಜಗ್ಗಬೇಡ. ಹಾಗೆ ಒಂದು ಸಾಲು ಹಾಕಿದೆ. ಮುಂದಿನ ಸಾಲಿನಲ್ಲಿ ಮೂರು ಕುಣಿಕೆಗಳೊಳಗೆ ಕಡ್ಡಿ ತಾನಾಗಿಯೇ ಹೋಯಿತು. ಸೇರಿಸುವ ಮೊದಲು ಎಡಗೈ ಬೆರಳಿಂದ ಬಟ್ಟೆಯನ್ನು ಸ್ವಲ್ಪ ಕೆಳಕ್ಕೆ ಎಳೆದು ಹಿಡಿದರೆ ಮೂರೂ ಬಾಯಿ ತೆರೆಯುತ್ತವೆ, ಇದನ್ನೂ ಆಗ ಕಲಿತೆ.

ಡಿಸೈನಿನ ಸಾಲು ಚೆನ್ನಾಗಿ ಬರಬೇಕೆಂದರೆ ಅದರ ಹಿಂದಿನ ಸಾದಾ ಸಾಲನ್ನು ಗಮನವಿಟ್ಟು ಹೆಣೆಯಬೇಕು. ನಾನು ಅಲ್ಲಿಯವರೆಗೆ ಆ ಸಾಲನ್ನು ಬೇಗ ಬೇಗ ಮುಗಿಸಿ "ನಿಜವಾದ" ಸಾಲಿಗೆ ಓಡುತ್ತಿದ್ದೆ.

ಮಾದರಿ ತುಂಡನ್ನು ಅಳೆದೆ. ನಡುವಿನ 24 ಕುಣಿಕೆಗಳಿಗೆ ಎಂಟೂವರೆ ಸೆಂಟಿಮೀಟರ್ ಅಗಲ. ಅದೇ ಉಣ್ಣೆ, ಅದೇ ಕಡ್ಡಿಯಲ್ಲಿ ಸಾದಾ ಹೆಣಿಗೆ ಹಾಕಿದರೆ 24 ಕುಣಿಕೆಗೆ 11 ಬರುತ್ತಿತ್ತು. ಈ ಡಿಸೈನ್ ಬಟ್ಟೆಯನ್ನು ಅಷ್ಟು ಒಳಗೆ ಎಳೆದುಕೊಳ್ಳುತ್ತದೆ. ಮಾದರಿ ಹಾಕದೆ ಶುರು ಮಾಡಿದ್ದರೆ ಕುಲಾವಿ ಬೊಂಬೆಗೆ ಆಗುತ್ತಿತ್ತು.

ಕುಲಾವಿಯ ಆಕಾರ ಸುಲಭ, ಬರೀ ಒಂದು ಆಯತ. ಒಂದು ಉದ್ದ ಅಂಚು ಮಗುವಿನ ಮುಖದ ಸುತ್ತ ಗದ್ದದಿಂದ ಗದ್ದಕ್ಕೆ ಬರುತ್ತದೆ. ಇನ್ನೊಂದು ಉದ್ದ ಅಂಚನ್ನು ಮಡಚಿ ತಲೆಯ ಹಿಂದೆ ಸೇರಿಸಿದರೆ ಆಯಿತು. ಮುಖದ ಸುತ್ತಳತೆಗೆ ಇಪ್ಪತ್ತೆಂಟೂವರೆ ಸೆಂಟಿಮೀಟರ್ ಇಟ್ಟುಕೊಂಡೆ. ಲೆಕ್ಕ ಹಾಕಿದರೆ 80 ಕುಣಿಕೆ, ಅಂಚಿಗೆ 2, ಒಟ್ಟು 82.

82 ಕುಣಿಕೆ ಹಾಕಿ, ಮುಖದ ಅಂಚಿಗೆ ಆರು ಸಾಲು ಬರೀ ಸೀದಾ ಹೆಣೆದು, ಡಿಸೈನ್ ಶುರು ಮಾಡಿದೆ. ಮೂರು ಸುತ್ತು ಆದ ಮೇಲೆ ನೋಡಿದರೆ ಅಂಚು ಲಂಗದ ನೆರಿಗೆಯ ಹಾಗೆ ಅಲೆ ಅಲೆಯಾಗಿ ನಿಂತಿತ್ತು. ಕಾರಣ ನನ್ನ ಕಣ್ಣ ಮುಂದೆಯೇ ಇತ್ತು. ಡಿಸೈನ್ ಭಾಗ ಒಳಗೆ ಎಳೆದುಕೊಳ್ಳುತ್ತದೆ, ಸಾದಾ ಅಂಚು ಹಾಗೆ ಮಾಡುವುದಿಲ್ಲ. ಒಂದೇ ಸಂಖ್ಯೆ ಎರಡಕ್ಕೂ ಹೊಂದುವುದು ಹೇಗೆ? ನಾಲ್ಕು ಸಂಜೆಯ ಕೆಲಸ ಬಿಚ್ಚಿ ಉಂಡೆಗೆ ಸುತ್ತಿದೆ. ತುಂಬಾ ಬೇಸರವಾಯಿತು. ಆಗ ನವೆಂಬರ್ ಮುಗಿಯುತ್ತಿತ್ತು.

ಎರಡನೇ ಸಲ 10ನೇ ನಂಬರ್ ಕಡ್ಡಿಯಲ್ಲಿ 66 ಕುಣಿಕೆ ಮಾತ್ರ ಹಾಕಿ ಆರು ಸಾಲು ಅಂಚು ಹೆಣೆದೆ. ಆಮೇಲೆ 8ನೇ ನಂಬರಿಗೆ ಬದಲಾಯಿಸಿ ಹಿಂಬದಿಯಿಂದ ಒಂದು ಹೆಚ್ಚಿಸುವ ಸಾಲು. ಅಂಚಿನದು ಒಂದು, ನಂತರ ಪ್ರತಿ ನಾಲ್ಕಕ್ಕೆ ಒಂದು ಹೆಚ್ಚಿಸುತ್ತಾ ಹದಿನಾರು ಸಲ, ಕೊನೆಯಲ್ಲಿ ಅಂಚಿನದು ಒಂದು. 66ಕ್ಕೆ 16 ಸೇರಿ 82. ಹೆಚ್ಚಿಸುವುದಕ್ಕೆ ಒಂದೇ ಕುಣಿಕೆಯನ್ನು ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಹೆಣೆದೆ. ಈ ಸಲ ಅಂಚು ನೆಟ್ಟಗೆ ಕೂತಿತು.

ಬಿಚ್ಚಿದ ನೋವು ನೆನಪಿದ್ದುದರಿಂದ ಇನ್ನೊಂದು ಜಾಗ್ರತೆ ಮಾಡಿಕೊಂಡೆ. ಈ ಡಿಸೈನನ್ನು ಬಿಚ್ಚಿ ಮತ್ತೆ ಕಡ್ಡಿಗೆ ಏರಿಸುವುದು ಹೊಸಬರಿಗೆ ಆಗದ ಮಾತು. ಯಾವುದು ಮೂರು, ಯಾವುದು ಒಂದು ಎಲ್ಲ ಕಲಸಿಹೋಗುತ್ತದೆ. ಅದಕ್ಕೆ ಪ್ರತಿ ಸುತ್ತು ಮುಗಿದ ಮೇಲೆ ಮುಂದಿನ ಸುತ್ತಿನ ಮೊದಲ ಉಲ್ಟಾ ಸಾಲು ಹಾಕಿ, ಅದರ 82 ಕುಣಿಕೆಗಳೊಳಗೆ ದಬ್ಬಣದಿಂದ ಕೆಂಪು ಹೊಲಿಗೆ ದಾರ ಪೋಣಿಸಿಡುತ್ತಿದ್ದೆ. ಮುಂದೆ ತಪ್ಪಾದರೆ ಕಡ್ಡಿ ತೆಗೆದು ಎಳೆದರೆ ಸಾಕು, ಕೆಂಪು ದಾರದ ಹತ್ತಿರ ನಿಲ್ಲುತ್ತದೆ. ಎರಡು ಸಲ ಈ ದಾರ ನನ್ನನ್ನು ಉಳಿಸಿತು.

ಅದಾದ ಮೇಲೆ ಕೆಲಸಕ್ಕೆ ಒಂದು ಲಯ ಬಂತು. ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಹಿಂಜವಡಿಗೆ ಹೋಗುವಾಗ ಉಲ್ಟಾ ಸಾಲು. ಚಾಂದನಿ ಚೌಕದ ಟ್ರಾಫಿಕ್ಕಿನಲ್ಲಿ ನಿಂತರೆ ಒಂದು ಸಾಲು ಮುಗಿದೇ ಹೋಗುತ್ತದೆ. ಬಸ್ಸು ಹೆದ್ದಾರಿ ಹತ್ತಿದಾಗ, ಇದೇ ರಸ್ತೆ ಹಿಂದಕ್ಕೆ ತಿರುಗಿದರೆ ಸಾತಾರಾ, ಕೊಲ್ಹಾಪುರ, ಬೆಳಗಾವಿ ದಾಟಿ ಧಾರವಾಡಕ್ಕೆ ಹೋಗುತ್ತದಲ್ಲ ಅಂತ ದಿನಾ ನೆನಪಾಗುತ್ತಿತ್ತು. ರಾತ್ರಿ ಮನೆಯಲ್ಲಿ, ಊಟವಾದ ಮೇಲೆ, ಮೂರು-ಒಂದರ ಸಾಲು. ಅದಕ್ಕೆ ಅಲುಗಾಡದ ಕುರ್ಚಿ, ಒಳ್ಳೆಯ ದೀಪ ಎರಡೂ ಬೇಕು.

ಒಂದು ದಿನ ಬಸ್ಸಿಂದ ಇಳಿಯುವ ಗಡಿಬಿಡಿಯಲ್ಲಿ ಹೆಣಿಗೆ ಚೀಲಕ್ಕೆ ತುರುಕಿದೆ. ಮನೆಗೆ ಬಂದರೆ ಎರಡನೇ ಸಾಲಿನಲ್ಲಿದ್ದೆನೋ ನಾಲ್ಕನೆಯದರಲ್ಲೋ ಗೊತ್ತಾಗಲಿಲ್ಲ. ಗುರುತು ಹಾಕಿದ ಚೀಟಿ ಬಸ್ಸಿನಲ್ಲೇ ಉಳಿದಿತ್ತು. ಮೂರನೇ ಮಹಡಿಗೆ ಓಡಿದೆ. ಕಾಕು ಚಹಾ ಸೋಸುತ್ತಿದ್ದರು, ಕೈ ಒರೆಸಿಕೊಂಡು ಬಂದು ಕಡ್ಡಿಯ ಮೇಲಿನ ಕುಣಿಕೆಗಳನ್ನು ಉಗುರಿಂದ ಸ್ವಲ್ಪ ಬಿಡಿಸಿ ತೋರಿಸಿದರು.

"ಚೀಟಿ ಯಾಕ ಬೇಕ ತಂಗೀ, ಹೆಣೆದ ಅರಿವೀನ ಹೇಳ್ತದ. ಮೂರು ಕೂಡಿ ಕುಂತಾವಲ್ಲ, ಅವು ಒಂದು ತಾಯಿ ಮಕ್ಕಳು. ಅವನ್ನ ಕೂಡಿಸು. ಇದು ನೋಡು, ಒಂಟಿ ಕುಂತದ, ಬುಡಕ್ಕ ಗಂಟದ. ಇದನ್ನ ಮೂರು ಮಾಡು."

ನಿಜವಾಗಿಯೂ ಕಾಣುತ್ತಿತ್ತು. ಒಂದೇ ಬುಡದಿಂದ ಬೀಸಣಿಗೆಯ ಹಾಗೆ ಹೊರಟ ಮೂರು ಕುಣಿಕೆ, ಪಕ್ಕದಲ್ಲಿ ಬುಡ ದಪ್ಪಗಿರುವ ಒಂಟಿ ಕುಣಿಕೆ. ಹಿಂದೆ ಹರಡಿದ್ದನ್ನು ಈಗ ಸೇರಿಸುತ್ತೇವೆ, ಸೇರಿಸಿದ್ದನ್ನು ಹರಡುತ್ತೇವೆ. ಒಂದರಿಂದ ಹರಡಿ ಮತ್ತೆ ಒಂದಕ್ಕೆ ಸೇರುವ ಆ ಜಾಗವೇ ಹೊಟ್ಟೆ ಉಬ್ಬಿ ಸೀತಾಫಲದ ಕಣ್ಣಾಗುತ್ತದೆ. ನಾನು ಮೂರು ವಾರ ಸಾಲಿನ ನಂಬರ್ ನೋಡಿ ಹೆಣೆಯುತ್ತಿದ್ದೆ. ಅವತ್ತು ರಾತ್ರಿ ಮೊದಲ ಸಲ ಬಟ್ಟೆಯನ್ನೇ ನೋಡಿ ಹೆಣೆದೆ. ಚೀಟಿ ಮತ್ತೆ ಬರೆಯಲಿಲ್ಲ.

ಎಂಟು ಸುತ್ತು ಆದಾಗ ಅಂಚೂ ಸೇರಿ ಹನ್ನೆರಡೂವರೆ ಸೆಂಟಿಮೀಟರ್ ಬಂತು. ಅಷ್ಟು ಸಾಕು. ಕುಣಿಕೆಗಳನ್ನು 41, 41 ಅಂತ ಎರಡು ಕಡ್ಡಿಗೆ ಹಂಚಿ, ಉಬ್ಬಿನ ಮುಖ ಒಳಗೆ ಬರುವಂತೆ ಮಡಚಿ, ಮೂರನೇ ಕಡ್ಡಿಯಿಂದ ಎರಡೂ ಕಡೆಯದನ್ನು ಜೋಡಿ ಜೋಡಿಯಾಗಿ ಹೆಣೆದು ಮುಚ್ಚಿದೆ. ಹೊಲಿಯುವುದೇ ಬೇಕಾಗಲಿಲ್ಲ. ಕತ್ತಿನ ಕಡೆಯ ಅಂಚಿನಿಂದ ಸಣ್ಣ ಕಡ್ಡಿಯಲ್ಲಿ 52 ಕುಣಿಕೆ ಎತ್ತಿಕೊಂಡು ಆರು ಸಾಲು ಸೀದಾ, ಎರಡು ತುದಿಗೂ ಕಟ್ಟಲು ಗಿಡ್ಡ ಹುರಿ. ತಲೆಯ ಹಿಂದೆ ಮೇಲುಗಡೆ ಮೂಲೆ ಕೊಂಬಿನ ಹಾಗೆ ನಿಲ್ಲುತ್ತದೆ. ಅಲ್ಲಿ ಗೊಂಡೆ ಕಟ್ಟುವ ಆಸೆಯಿತ್ತು, ಕಾಕು ಬೇಡ ಅಂದರು. ಎಳೆ ಕಿತ್ತು ಮಗುವಿನ ಬಾಯಿಗೆ ಹೋದರೆ? ಒಳಗಿನಿಂದ ಒಂದು ದಾರ ಓಡಿಸಿ ಮೂಲೆಯನ್ನು ಸುಮ್ನೆ ಗುಂಡಗೆ ಎಳೆದು ಕಟ್ಟಿದೆ. ಮಲಗಿಸುವಾಗ ಕುಲಾವಿ ಬಿಚ್ಚಬೇಕು ಅಂತ ವೈನಿಗೆ ಹೇಳುವುದನ್ನೂ ಅಲ್ಲೇ ಗಟ್ಟಿ ಮಾಡಿಕೊಂಡೆ.

ಉಗುರುಬೆಚ್ಚನೆ ನೀರಿನಲ್ಲಿ ಅದ್ದಿ ತೆಗೆದು, ಟವೆಲಿನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಚಪ್ಪಟೆ ಹಾಸಿ ಒಣಗಿಸಿದೆ. ಇಸ್ತ್ರಿ ಮುಟ್ಟಿಸಲಿಲ್ಲ, ಎಳೆದು ಪಿನ್ನೂ ಚುಚ್ಚಲಿಲ್ಲ. ಎರಡರಲ್ಲಿ ಯಾವುದು ಮಾಡಿದರೂ ಉಬ್ಬು ಸತ್ತು ಹೋಗುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟರೆ 23 ಗ್ರಾಂ.

ಮಗು ಹೆಣ್ಣು. ತೊಟ್ಟಿಲಿನ ದಿನ ಬೆಳಿಗ್ಗೆ ಧಾರವಾಡದಲ್ಲಿ ಒಳ್ಳೆ ಥಂಡಿ. ಅವ್ವ ಕುಲಾವಿಯನ್ನು ಕೈಯಲ್ಲಿ ಹಿಡಿದು ಉಬ್ಬುಗಳ ಮೇಲೆ ಹೆಬ್ಬೆರಳು ಆಡಿಸುತ್ತಾ ಎಷ್ಟೋ ಹೊತ್ತು ಕೂತಿದ್ದಳು. ತಲೆಗೆ ಕಟ್ಟಿದಾಗ ಸ್ವಲ್ಪ ದೊಡ್ಡದೇ ಆಯಿತು, ಮುಂದಿನ ಅಂಚು ಹುಬ್ಬಿನವರೆಗೆ ಇಳಿಯಿತು. ಎಂಟು ಕುಣಿಕೆ ಕಡಿಮೆ ಹಾಕಬಹುದಿತ್ತು. ಕಿವಿಯನ್ನಂತೂ ಪೂರ್ತಿ ಮುಚ್ಚಿತ್ತು. ಹೆಸರು ಹೇಳುವ ಹೊತ್ತಿಗೆ ನಾನು ಅಂಚನ್ನು ಒಂದು ಬೆರಳಿಂದ ಮೆಲ್ಲಗೆ ಸರಿಸಿ, ಬಗ್ಗಿ, ಆ ಕಿವಿಯಲ್ಲಿ ಹೇಳಿದೆ.